ಸೀಟು ಹೇಳುವ ಚಾಡಿ

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಮ್ಮ ಪರಿಚಯದ ಕನ್ನಡಿಗರಲ್ಲಿ ಯಾರಾದರೂ ಹಳೆಯ ಕಾರು ಕೊಳ್ಳಲು ಹೊರಟರೆ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವ ರೂಢಿ ಬೆಳೆದುಬಿಟ್ಟಿದೆ. ಒಬ್ಬ ಮೆಕ್ಯಾನಿಕ್ಕು, ಇನ್ನೊಬ್ಬ ನಾನು. ಅವನು ಬಾನೆಟ್ಟು ಎತ್ತಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿರುವಾಗ ನಾನು ಚಾಲಕನ ಬಾಗಿಲು ತೆರೆದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಸೀಟಿನ ಅಂಚನ್ನು ಸವರುತ್ತಿರುತ್ತೇನೆ. ಸಂಬಂಧ ಕುದುರಿಸಲು ಬಂದವರು ಹುಡುಗನ ಮುಖ ಬಿಟ್ಟು ಅವನ ಚಪ್ಪಲಿಯ ಹಿಮ್ಮಡಿ ನೋಡುತ್ತ ನಿಂತರೆ ಹೇಗೋ, ಮಾರುವವರಿಗೆ ಈ ದೃಶ್ಯ ಹಾಗೆ ಕಾಣುತ್ತದೆ. ಆದರೆ ಎಂಜಿನ್ನನ್ನು ತೊಳೆದು ಥಳಥಳಿಸಬಹುದು, ಮೈಗೆ ಹೊಸ ಬಣ್ಣ ಹೊಡೆಸಬಹುದು, ಮೀಟರಿನ ಅಂಕೆಗಳನ್ನು ಹಿಂದಕ್ಕೆ ಓಡಿಸಿಕೊಡುವವರೂ ಇದ್ದಾರೆ. ಚರ್ಮದ ಸೀಟಿಗೆ ಇಷ್ಟೆಲ್ಲ ಮುತುವರ್ಜಿ ವಹಿಸುವವರು ಕಡಿಮೆ. ಹಾಗಾಗಿ ಅದು ಹಳೆಯ ಯಜಮಾನನ ಮೇಲೆ ಮನಬಂದಂತೆ ಚಾಡಿ ಹೇಳುತ್ತದೆ.

ಸೀಟು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಕೂರುವ ಜಾಗದ ಎರಡೂ ಬದಿಗೆ, ಹಿಂದಿನ ಕಾಲದ ಪಡಸಾಲೆಯ ಗಾದಿಯ ಮೇಲೆ ಇಡುತ್ತಿದ್ದ ಲೋಡಿನಂತೆ, ಉಬ್ಬಿದ ಭಾಗವೊಂದಿರುತ್ತದೆ. ಕಾರಿನವರು ಅದನ್ನು ಬೋಲ್‌ಸ್ಟರ್ ಎನ್ನುತ್ತಾರೆ, ನಾನು ಲೋಡೆಂದೇ ಕರೆಯುತ್ತೇನೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಾಗಿಲ ಕಡೆಯ ಬಲ ಲೋಡು ಎಲ್ಲಕ್ಕಿಂತ ಮೊದಲು ಸೊರಗುತ್ತದೆ. ಕಾರು ಹತ್ತುವಾಗ ಮನುಷ್ಯ ಕುರ್ಚಿಯ ಮೇಲೆ ಕೂರುವಂತೆ ನೇರವಾಗಿ ಕೂರುವುದಿಲ್ಲ; ತೊಡೆಯನ್ನು ಲೋಡಿನ ಮೇಲೆ ಊರಿ ಒಳಕ್ಕೆ ಜಾರಿಕೊಳ್ಳುತ್ತಾನೆ, ಇಳಿಯುವಾಗ ಅದೇ ಲೋಡನ್ನು ಅಮುಕಿ ಹೊರಕ್ಕೆ ಜಾರುತ್ತಾನೆ. ಜೀನ್ಸಿನ ತಾಮ್ರದ ಗುಂಡಿ, ಬೆಲ್ಟಿಗೆ ಸಿಕ್ಕಿಸಿದ ಕೀಲಿಗೊಂಚಲು, ಹಿಂದಿನ ಜೇಬಿನ ದಪ್ಪ ಪಾಕೀಟು, ಇವೆಲ್ಲ ಪ್ರತಿ ಸಲವೂ ಅಲ್ಲಿ ಒಂದೊಂದು ಗೆರೆ ಎಳೆಯುತ್ತವೆ.

ಈ ಸವೆತಕ್ಕೂ ಒಂದು ಕ್ರಮವಿದೆ. ಕಾರಿನ ಸೀಟಿನ ಚರ್ಮ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ ಇದ್ದರೆ ಇದ್ದೀತು. ಹದ ಮಾಡಿದ ಆ ತೊಗಲಿನ ಮೇಲೆ ಬಣ್ಣದ ಒಂದು ಪದರ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪಾಲಿಯುರೆಥೇನ್ ಲೇಪ. ಮೊದಲು ಮೂಡುವುದು ಬರಿಯ ನೆರಿಗೆಗಳು. ಅವು ನಮ್ಮ ಹಣೆಯ ಗೆರೆಗಳಿದ್ದಂತೆ, ರೋಗವೆಂದು ಭಾವಿಸಬೇಕಾಗಿಲ್ಲ. ಆಮೇಲೆ ಮೇಲಿನ ಲೇಪ ತೆಳುವಾಗಿ, ನೆರಿಗೆಯ ತುದಿಗಳಲ್ಲಿ ಬಣ್ಣ ಹಾರಿ, ಕೊನೆಗೆ ತೊಗಲಿನ ನಾರು ನಸುಬಿಳುಪಾಗಿ ಇಣುಕುತ್ತದೆ. ನಾರು ಕಂಡಿತೆಂದರೆ ಮುಂದೆ ಬಿರುಕು ಬಿಡಲು ಹೆಚ್ಚು ದಿನ ಬೇಡ. ನನ್ನ ಬೆರಳು ಹುಡುಕುವುದು ಎರಡನೆಯ ಮತ್ತು ಮೂರನೆಯ ಹಂತಗಳ ನಡುವಿನ ಗಡಿಯನ್ನು.

ಹಾಗೆಂದು ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ಲೋಡು ಸವೆದಿದ್ದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸುವ ಆತುರ ನನಗಿಲ್ಲ. ಈ ವಿಷಯದಲ್ಲಿ ನನ್ನ ಮಾತು ಕೇಳದೆ ಒಳ್ಳೆಯ ಕಾರುಗಳನ್ನು ಕೈಬಿಟ್ಟವರಿದ್ದಾರೆ. ಸೀಟು ಕಿಲೋಮೀಟರುಗಳ ಲೆಕ್ಕ ಇಡುವುದಿಲ್ಲ. ಹತ್ತಿ ಇಳಿದ ಲೆಕ್ಕ ಇಡುತ್ತದೆ. ವಾರಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆಗೆ ಹೋಗಿಬರುವವನು ಸುಮಾರು 95 ಕಿಲೋಮೀಟರಿನ ಆ ರಸ್ತೆಯಲ್ಲಿ ನಡುವೆ ಒಮ್ಮೆ ವಡಾಪಾವ್ ತಿನ್ನಲು ಇಳಿದರೂ ಆ ದಿನ ಲೋಡು ದಾಟುವುದು ಏಳೆಂಟು ಸಲ. ಮುಲುಂಡಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ವೈದ್ಯರೊಬ್ಬರ ಕಾರನ್ನು ನಾನು ನೋಡಿದ್ದೆ. ದಿನಕ್ಕೆ ಹದಿನೈದು ಕಿಲೋಮೀಟರ್ ಓಡಿದರೆ ಹೆಚ್ಚು, ಆದರೆ ಹತ್ತಿ ಇಳಿಯುವುದು ಮೂವತ್ತು ಸಲ. ಮೊದಲಿನವನ ಕಾರು ಒಂದು ಲಕ್ಷ ದಾಟಿಯೂ ಸೀಟು ಎಳೆಯದಾಗಿತ್ತು, ವೈದ್ಯರ ಸೀಟಿಗೆ ಇಪ್ಪತ್ತೆಂಟು ಸಾವಿರಕ್ಕೇ ಮುಪ್ಪು ಬಂದಿತ್ತು. ಅನುಮಾನ ಬಂದಾಗ ಬ್ರೇಕ್ ಪೆಡಲಿನ ರಬ್ಬರನ್ನೂ ಸ್ಟೇರಿಂಗಿನ ಹಿಡಿಕೆಯನ್ನೂ ಕೇಳಬೇಕು. ಪೆಡಲಿನ ಗೀರುಗಳು ಅಳಿಸಿ ನುಣ್ಣಗಾಗಿ, ಸ್ಟೇರಿಂಗ್ ಎಣ್ಣೆಗಪ್ಪಾಗಿ, ಲೋಡೂ ಬಿರಿದಿದ್ದರೆ ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದಂತಾಯಿತು. ಆಗ ಮೀಟರಿನ ಮಾತಿಗೆ ಬೆಲೆಯಿಲ್ಲ.

ಚಾಡಿಯ ರುಚಿ ಹತ್ತಿದವನಿಗೆ ಉಳಿದ ಸೀಟುಗಳೂ ಬೇಕಾಗುತ್ತವೆ. ಹಿಂದಿನ ಎಡಗಡೆಯ ಸೀಟು ಚಾಲಕನ ಸೀಟಿನಷ್ಟೇ ಸವೆದಿದ್ದರೆ ಯಜಮಾನ ಡ್ರೈವರನ್ನು ಇಟ್ಟುಕೊಂಡಿದ್ದವನು. ಮುಂದಿನ ಎಡ ಸೀಟು ಹೊಚ್ಚ ಹೊಸದರಂತಿದ್ದರೆ ಒಂಟಿಜೀವ. ಮುಂಬದಿಯ ಬೆನ್ನೊರಗಿನ ಹಿಂಭಾಗದಲ್ಲಿ ಪುಟ್ಟ ಬೂಟಿನ ಗುರುತುಗಳಿದ್ದರೆ ಮಕ್ಕಳೊಂದಿಗ. ಮರದ ಮಣಿಗಳ ಹಾಸು ಹಾಕಿದ್ದರಂತೂ ತೆಗೆಸಿ ನೋಡಲೇಬೇಕು. ಬೆನ್ನಿಗೆ ಹಿತವೆಂದು ಹಾಸಿದ ಆ ಮಣಿಗಳು ಚರ್ಮದ ಮೇಲೆ ಸಾಲುಸಾಲಾಗಿ ಕುಳಿ ಒತ್ತಿರುತ್ತವೆ. ದೋಸೆ ಹೆಂಚಿನ ಮೇಲೆ ಹಿಟ್ಟು ತೂತು ಬಿಟ್ಟಂತೆ ಕಾಣುವ ಆ ಗುರುತು ಮುಂದೆಂದೂ ಮಾಯುವುದಿಲ್ಲ.

ಇಷ್ಟೆಲ್ಲ ನೋಡುವ ಮೊದಲು ಅದು ಚರ್ಮವೇ ಎಂದು ಕೇಳಿಕೊಳ್ಳಬೇಕು. ‘ಲೆದರ್ ಸೀಟು ಸಾರ್’ ಎಂದು ಮಾರುವವರು ಹೇಳುವ ಹತ್ತರಲ್ಲಿ ಹಲವು ರೆಕ್ಸಿನ್ನಿನ ದೂರದ ನೆಂಟರು. ಚರ್ಮವೇ ಆಗಿದ್ದರೂ ಮೈ ತಾಗುವ ಮುಖಭಾಗಕ್ಕೆ ಮಾತ್ರ ಚರ್ಮ ಹಾಕಿ, ಬದಿಗೂ ಹಿಂಬದಿಗೂ ಅದೇ ಬಣ್ಣದ ಕೃತಕ ವಸ್ತು ಹೊಲಿದಿರುವುದು ಸಾಮಾನ್ಯ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ನಿಜವಾದ ಚರ್ಮದ ಮೇಲೆ ಬೆರಳಿನ ಸುತ್ತ ಸಣ್ಣ ಸಣ್ಣ ನೆರಿಗೆಗಳು ಕಿರಣಗಳಂತೆ ಹರಡುತ್ತವೆ, ಕೃತಕದ್ದು ಸುಮ್ಮನೆ ತಗ್ಗುತ್ತದೆ. ಎರಡೂ ಸಾಯುವ ರೀತಿ ಬೇರೆ. ಚರ್ಮ ಬೇಸಿಗೆಯ ಕೆರೆಯಂಗಳದಂತೆ ಬಿರಿದು ನಾರು ತೋರಿಸುತ್ತದೆ. ಕೃತಕ ಪದರ ಮುಂಬೈನ ತೇವಕ್ಕೆ ಸಡಿಲಗೊಂಡು ಹಪ್ಪಳದಂತೆ ಎದ್ದುಬಂದು, ಕೆಳಗಿನ ಬಟ್ಟೆಯ ನೇಯ್ಗೆ ಕಾಣಿಸುತ್ತದೆ, ಕರಿಯ ಹೊಟ್ಟು ಪ್ಯಾಂಟಿಗೆ ಮೆತ್ತುತ್ತದೆ. ಹಾಗೆ ಏಳತೊಡಗಿದ್ದನ್ನು ಯಾವ ಮುಲಾಮೂ ಉಳಿಸಲಾರದು.

ಮುಂಬೈಯಲ್ಲಿ ಸೀಟಿನ ಅಡಿಯನ್ನು ನೋಡದೆ ಕಾರು ಕೊಳ್ಳುವುದು ದಡ್ಡತನ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಸಾವಿರಾರು ಕಾರುಗಳು ನೀರಿನಲ್ಲಿ ನಿಂತವು. ಆಮೇಲೆ ಅವುಗಳಲ್ಲಿ ಎಷ್ಟೋ ತೊಳೆದು, ಒಣಗಿಸಿ, ಊರೂರಿಗೆ ಮಾರಾಟವಾದವು. ಅಷ್ಟು ದೊಡ್ಡದಲ್ಲದಿದ್ದರೂ ಪ್ರತಿ ಮಳೆಗಾಲವೂ ಈ ನಗರ ನಾಲ್ಕು ಕಾರುಗಳನ್ನಾದರೂ ಮುಳುಗಿಸದೆ ಬಿಡುವುದಿಲ್ಲ. ನೆನೆದು ಒಣಗಿದ ಚರ್ಮ ಮೆದುತನ ಕಳೆದುಕೊಂಡು ರಟ್ಟಿನಂತೆ ಬಿರುಸಾಗುತ್ತದೆ. ಅದನ್ನು ಪಾಲಿಶಿನಿಂದ ಮರೆಮಾಚಿದರೂ ಸೀಟು ಹಿಂದುಮುಂದಾಗುವ ಹಳಿಯ ಬೋಲ್ಟುಗಳಿಗೆ ಹಿಡಿದ ತುಕ್ಕನ್ನು ಮರೆಮಾಚಲು ಯಾರೂ ಮನಸ್ಸು ಮಾಡುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ, ನೀರು ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಕೆಸರಿನ ಕಂದು ಗೆರೆಯೊಂದು ಹೊರಬರುವುದೂ ಉಂಟು.

ಇನ್ನು ಆರೈಕೆಯ ವಿಷಯ. ಇಲ್ಲಿ ನನ್ನ ಪಾಂಡಿತ್ಯವೆಲ್ಲ ಒಂದು ಅವಿವೇಕದಿಂದ ಹುಟ್ಟಿದ್ದು. ನಮ್ಮೂರು ಅಥಣಿಯ ಕಡೆ. ಕೊಲ್ಹಾಪುರಿ ಚಪ್ಪಲಿಗಳ ಹೆಸರು ಕೊಲ್ಹಾಪುರದ್ದಾದರೂ ಅವನ್ನು ತಲೆತಲಾಂತರದಿಂದ ನಮ್ಮ ಕಡೆಯೂ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಅವಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದು ಅದಕ್ಕಾಗಿಯೇ. ನಮ್ಮಪ್ಪ ಹೊಸ ಚಪ್ಪಲಿ ತಂದರೆ ಮೊದಲು ಅದಕ್ಕೆ ಹರಳೆಣ್ಣೆ ಕುಡಿಸಿ ರಾತ್ರಿಯಿಡೀ ಜಗುಲಿಯ ಮೇಲೆ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಎಣ್ಣೆಯೆಲ್ಲ ಒಳಗಿಳಿದು ಚಪ್ಪಲಿ ಮೆತ್ತಗಾಗಿರುತ್ತಿತ್ತು. ನಾನು ಮೊದಲ ಸಲ ಹಳೆಯ ಕಾರು ಕೊಂಡಾಗ, ಅದರ ತಿಳಿಗಂದು ಬಣ್ಣದ ಚರ್ಮದ ಸೀಟು ಒಣಗಿದಂತೆ ಕಂಡು ಪಿತ್ರಾರ್ಜಿತ ವಿದ್ಯೆ ನೆನಪಾಯಿತು. ಮನೆಯಲ್ಲಿ ಹರಳೆಣ್ಣೆ ಇರಲಿಲ್ಲ, ಕೊಬ್ಬರಿ ಎಣ್ಣೆ ಧಾರಾಳವಾಗಿತ್ತು. ಶನಿವಾರ ರಾತ್ರಿ ಐದೂ ಸೀಟುಗಳಿಗೆ ಅಭ್ಯಂಗನ ಮಾಡಿಸಿದೆ.

ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ. ಮನೆಯವಳು ಅಪರೂಪಕ್ಕೆ ತಿಳಿಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಇಳಿದು ಮೆಟ್ಟಿಲು ಹತ್ತುವಾಗ ನಾನು ಹಿಂದಿನಿಂದ ನೋಡಿದೆ; ಸೀಟಿನ ಹೊಲಿಗೆಯ ಸಾಲುಗಳು ಸೀರೆಯ ಮೇಲೆ ಎಣ್ಣೆಯಲ್ಲಿ ಅಚ್ಚೊತ್ತಿಕೊಂಡು ಯಾವುದೋ ಊರಿನ ನಕಾಶೆಯಂತಿದ್ದವು. ನಾಟಕ ಮುಗಿಯುವವರೆಗೂ ಆ ವಿಷಯ ಹೇಳುವ ಧೈರ್ಯ ನನಗೆ ಬರಲಿಲ್ಲ, ಹೇಳಿದ ಮೇಲೆ ಶುರುವಾದ ನಾಟಕ ಹೆಚ್ಚು ದಿನ ನಡೆಯಿತು.

ತಪ್ಪು ಎಣ್ಣೆಯದಲ್ಲ, ಎಲ್ಲ ತೊಗಲೂ ಒಂದೇ ಎಂದು ತಿಳಿದ ನನ್ನದು. ನಮ್ಮ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿರುತ್ತಾರೆ, ಮೇಲೆ ಲೇಪವಿಲ್ಲ; ಅದು ಬಾಯಾರಿದ ನೆಲದಂತೆ ಎಣ್ಣೆ ಹೀರುತ್ತದೆ. ಕಾರಿನ ಸೀಟಿನದು ಬಹುಮಟ್ಟಿಗೆ ಕ್ರೋಮಿಯಂ ಲವಣದಲ್ಲೋ ಅಂಥದೇ ಬೇರೆ ರಾಸಾಯನಿಕದಲ್ಲೋ ಹದಗೊಂಡು, ಮೇಲೆ ಲೇಪ ಹೊದ್ದು ಕುಳಿತಿರುತ್ತದೆ. ಅದರ ಮೇಲೆ ಸವರಿದ ಎಣ್ಣೆಗೆ ಹೋಗಲು ದಾರಿಯಿಲ್ಲ. ಅಲ್ಲೇ ನಿಂತು, ಧೂಳು ಹಿಡಿದು, ಕೆಲವು ವಾರಗಳಲ್ಲಿ ಕಮಟಿ ಅಂಟಾಗುತ್ತದೆ. ಬೂಟ್ ಪಾಲಿಶು, ಕಲೆ ತೆಗೆಯುವ ಸೀಮೆಎಣ್ಣೆ, ಪಾತ್ರೆ ತೊಳೆಯುವ ಕ್ಷಾರದ ಸೋಪು, ಎಲ್ಲವೂ ಇದೇ ಜಾತಿಯ ಉಪಕಾರಗಳು. ಕೊರೋನಾದ ದಿನಗಳಲ್ಲಿ ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಆರುವ ಮೊದಲೇ ಸ್ಟೇರಿಂಗ್ ಹಿಡಿದು, ಮದ್ಯಸಾರದಿಂದ ಲೇಪ ಕರಗಿಸಿಕೊಂಡ ಕಾರುಗಳನ್ನು ನಾನು ಈಗಲೂ ನೋಡುತ್ತಿರುತ್ತೇನೆ.

ಹೊಳಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾರ್ಖಾನೆಯಿಂದ ಬಂದ ಚರ್ಮಕ್ಕೆ ಹೆಚ್ಚಾಗಿ ಮಂದವಾದ ಕಾಂತಿ ಇರುತ್ತದೆಯೇ ಹೊರತು ಹೊಳಪಿರುವುದಿಲ್ಲ. ಹಳೆಯ ಸೀಟು ಮಿರಮಿರ ಮಿಂಚುತ್ತಿದೆಯೆಂದರೆ ಮೈಯ ಬೆವರು, ತಲೆಗೂದಲಿನ ಎಣ್ಣೆ, ಧೂಳು ಸೇರಿ ಕಟ್ಟಿದ ಜಿಡ್ಡು ಅದು, ಇಲ್ಲವೇ ಮಾರುವ ಮುನ್ನಾದಿನ ಬಳಿದ ಸಿಲಿಕೋನ್. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಹಳೆಯ ಕಾರಿನ ಅಂಗಡಿಯಷ್ಟು ಒಳ್ಳೆಯ ಉದಾಹರಣೆ ಸಿಗಲಾರದು.

ಆ ಸೀರೆಯ ಪ್ರಸಂಗದ ನಂತರ ನಾನು ಮಾಡುವುದು ಬಹಳ ಕಡಿಮೆ. ಎರಡು ಮೂರು ತಿಂಗಳಿಗೊಮ್ಮೆ ಮೊದಲು ಹೊಲಿಗೆಯ ಸಂದಿನ ಮರಳನ್ನು ವ್ಯಾಕ್ಯೂಮ್ ಮಾಡುತ್ತೇನೆ. ಆ ಮರಳನ್ನು ಬಿಟ್ಟು ಒರೆಸುವುದೆಂದರೆ ಸೀಟಿಗೆ ಮರಳು ಕಾಗದ ತಿಕ್ಕಿದಂತೆ. ಆಮೇಲೆ ಚರ್ಮಕ್ಕೆಂದೇ ಮಾಡಿದ ಸೌಮ್ಯವಾದ ದ್ರಾವಣದ ನೊರೆಯನ್ನು ಮೆದು ಬ್ರಶ್ಶಿನಲ್ಲಿ ತೆಗೆದುಕೊಂಡು, ಅಂಗೈಯಷ್ಟಗಲದ ಜಾಗವನ್ನು ಒಂದೊಂದಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ನೆರಳಿನಲ್ಲಿ ಆರಲು ಬಿಡುತ್ತೇನೆ. ಬಟ್ಟೆ ಮೊದಲ ಸಲ ಕಾಫಿ ಬಣ್ಣಕ್ಕೆ ತಿರುಗುವುದನ್ನು ನೋಡುವ ಸಂತೋಷವೇ ಬೇರೆ. ಹೊಸ ಜೀನ್ಸಿನ ನೀಲಿ ತಿಳಿಬಣ್ಣದ ಸೀಟಿಗೆ ಹತ್ತಿದರೆ ಅದೇ ವಾರ ತೆಗೆದರೆ ಹೋಗುತ್ತದೆ, ಬೇಸಿಗೆಯ ಬಿಸಿಲು ಕಂಡಮೇಲೆ ಹೋಗುವುದಿಲ್ಲ. ಜುಲೈ ತಿಂಗಳಲ್ಲಿ ಇಲ್ಲಿಯ ಗಾಳಿಯ ತೇವ ನೂರಕ್ಕೆ 80 ದಾಟಿ ನಿಂತಿರುವಾಗ, ಊರಿಗೆ ಹೋಗಿ ಹದಿನೈದು ದಿನ ಕಾರು ಮುಚ್ಚಿಟ್ಟರೆ ಸೀಟಿನ ಮೇಲೆ ಬೂಷ್ಟು ಹಸಿರು ಮಿಶ್ರಿತ ಬಿಳಿ ಚುಕ್ಕೆಗಳಾಗಿ ಅರಳಿರುತ್ತದೆ. ಅದನ್ನು ಕಾರಿನೊಳಗೆ ಝಾಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅದು ಹಿಂದಿನ ಸೀಟಿನಲ್ಲಿ ಹೊಸ ಸಂಸಾರ ಹೂಡುತ್ತದೆ. ಇದೆಲ್ಲದರ ಉಸಾಬರಿಯೇ ಬೇಡವೆಂದು ಕವರು ಹೊದಿಸುವವರು, ಸೀಟಿನ ಬದಿಯಲ್ಲಿ ಏರ್‌ಬ್ಯಾಗಿನ ಪಟ್ಟಿ ಹೊಲಿದಿದೆಯೇ ಎಂದು ನೋಡಲಿ. ಸಿಕ್ಕ ಕವರು ತೊಡಿಸಿದರೆ ಬೇಕಾದ ಹೊತ್ತಿಗೆ ಏರ್‌ಬ್ಯಾಗು ಬಿಚ್ಚಿಕೊಳ್ಳದೆ ಹೋದೀತು.

ಬಣ್ಣ ಹಾರಿ ಸಣ್ಣ ಬಿರುಕಷ್ಟೇ ಬಿಟ್ಟಿದ್ದರೆ ಜಿಡ್ಡು ತೆಗೆದು, ಬಿರುಕು ತುಂಬಿ, ಮತ್ತೆ ಬಣ್ಣವನ್ನೂ ಲೇಪವನ್ನೂ ಕೊಡಿಸಬಹುದು. ಬಿರಿದೇ ಹೋಗಿದ್ದರೆ ಇಡೀ ಸೀಟಿನ ಅಂಗಿ ಬದಲಿಸುವ ಅಗತ್ಯವಿಲ್ಲ. ಒಳ್ಳೆಯ ಕುಶನ್ ಕೆಲಸದವನು ಕೆಳಗಿನ ತಂತಿಯುಂಗುರಗಳನ್ನು ಕತ್ತರಿಸಿ, ಹೊಲಿಗೆ ಬಿಚ್ಚಿ, ಲೋಡಿನ ಒಂದು ತುಂಡನ್ನಷ್ಟೇ ಹೊಸದಾಗಿ ಹಾಕಿ ಹೊಲಿದುಕೊಡುತ್ತಾನೆ. ಬಣ್ಣ ಹೊಂದುವ ತೊಗಲನ್ನು ಧಾರಾವಿಯ ಅಂಗಡಿಗಳಲ್ಲಿ ಹುಡುಕಿ ತರುವ ತಾಳ್ಮೆ ಬೇಕು, ಅಷ್ಟೆ. ಆ ನೆಪದಲ್ಲಿ ಒಳಗಿನ ಫೋಮನ್ನೂ ನೋಡಿಸಬೇಕು. ಅದು ಒಂದು ಬದಿ ಕುಸಿದಿದ್ದರೆ ಮೇಲಿನ ಹೊಸ ಚರ್ಮವೂ ವರ್ಷದೊಳಗೆ ಅದೇ ಜಾಗದಲ್ಲಿ ಸುಕ್ಕುಗಟ್ಟುತ್ತದೆ.

ಕಳೆದ ದೀಪಾವಳಿಯ ಹೊತ್ತಿಗೆ, ಒಂಬತ್ತು ವರ್ಷ ಓಡಿಸಿದ ನನ್ನ ಎರಡನೆಯ ಕಾರನ್ನು ಮಾರಲು ಹೊರಟೆ. ಸೀಟನ್ನು ನಾನೇ ಕೈಯಾರೆ ಕಾಪಾಡಿದ್ದರಿಂದ ಒಳಗೊಳಗೇ ಹೆಮ್ಮೆಯಿತ್ತು. ನೋಡಲು ಬಂದವರು ಡೊಂಬಿವಲಿಯಲ್ಲಿ ಹೋಟೆಲು ನಡೆಸಿ ಈಗ ಮಗನಿಗೆ ಒಪ್ಪಿಸಿರುವ ಕುಂದಾಪುರದ ಹಿರಿಯರು. ಬಾನೆಟ್ಟು ಎತ್ತಿಸಲಿಲ್ಲ, ಕಾಗದ ಪತ್ರ ಕೇಳಲಿಲ್ಲ. ಚಾಲಕನ ಬಾಗಿಲು ತೆರೆದು, ಪಂಚೆ ಮೇಲೆತ್ತಿಕೊಂಡು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಬಲ ಲೋಡಿನ ಉದ್ದಕ್ಕೂ ಬೆರಳಾಡಿಸುತ್ತ ಬಂದು ಮುಂದಿನ ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿ ಅಂಗೈಯಷ್ಟಗಲದ ಜಾಗವೊಂದು ಬಣ್ಣ ಮಾಸಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಅವರು ತಮ್ಮ ಅಂಗೈಯನ್ನು ಅದರ ಮೇಲೆ ಊರಿ, ಏಳುವವರಂತೆ ಒಮ್ಮೆ ಭಾರ ಹಾಕಿ ನೋಡಿ, ನನ್ನ ಕಡೆ ತಿರುಗಿದರು.

“ಮಂಡಿನೋವು ಎಷ್ಟು ವರ್ಷದಿಂದ ಮಾರಾಯ್ರೆ?”

“ಆರು ವರ್ಷ ಆಯಿತು,” ಎಂದೆ. ಅವರು ಹೌದೆಂಬಂತೆ ತಲೆಯಾಡಿಸಿ, ಅದೇ ಜಾಗ ಅಮುಕಿ ಎದ್ದುನಿಂತು, ಬೆಲೆಯ ಮಾತಿಗೆ ಇಳಿದರು. ಮೀಟರಿನ ಕಡೆ ಕೊನೆಯವರೆಗೂ ನೋಡಲಿಲ್ಲ.