ಸತ್ಯಾಂಶ: 18 ತುಂಬದ ಗರ್ಭಿಣಿ ಆಸ್ಪತ್ರೆಗೆ ಹೋದರೆ ಅವಳನ್ನೇ ಜೈಲಿಗೆ ಹಾಕುತ್ತಾರಾ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 18 ತುಂಬದ ಹುಡುಗಿ ಗರ್ಭಿಣಿಯಾಗಿ ಸರ್ಕಾರಿ ಆಸ್ಪತ್ರೆಗೆ ಹೋದರೆ ಅವಳನ್ನೇ ಹಿಡಿದುಕೊಂಡು ಹೋಗುತ್ತಾರೆ, ಅದಕ್ಕೆ ಮನೆಯಲ್ಲೇ ಹೆರಿಗೆ ಮಾಡಿಸಿ ಅಂತ. ಇದು ಸುಳ್ಳು. ಜೀವಕ್ಕೇ ಅಪಾಯ ತರುವ ಸುಳ್ಳು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ನಿಜ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ ಅದು ಕಡ್ಡಾಯ. ಬಾಲ್ಯವಿವಾಹವಾಗಿದ್ದರೆ ಗಂಡನ ಮೇಲೆ, ಮದುವೆ ಮಾಡಿಸಿದ ದೊಡ್ಡವರ ಮೇಲೆ ಕೇಸ್ ಆಗಬಹುದು, ಈ ಭಯಕ್ಕೇ ಎಷ್ಟೋ ಮನೆಯವರು ಹುಡುಗಿಯನ್ನು ಬಚ್ಚಿಡುತ್ತಾರೆ. ಆದರೆ ಹುಡುಗಿ ಕಾನೂನಿನ ಕಣ್ಣಲ್ಲಿ ಆರೋಪಿ ಅಲ್ಲ, ರಕ್ಷಣೆ ಸಿಗಬೇಕಾದ ಮಗು. ಅವಳ ಹೇಳಿಕೆಯನ್ನು ಮನೆಯಲ್ಲೋ ಅವಳು ಹೇಳಿದ ಕಡೆಯೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಅವಳನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಹೆಸರು, ಊರು ಪತ್ರಿಕೆಯಲ್ಲಿ ಹಾಕುವಂತಿಲ್ಲ.

ಕೇಸ್ ಇದೆ ಅಂತ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟಕ್ಕೂ ದುಡ್ಡಿಲ್ಲ. 2011ರಿಂದ ಈ ಯೋಜನೆ ಇದೆ. ಚಿಕ್ಕ ವಯಸ್ಸಿನ ಗರ್ಭಿಣಿಗೆ ರಕ್ತಹೀನತೆ, ಬಿಪಿ, ನಂಜಿನ ಅಪಾಯ ಜಾಸ್ತಿ, ಫಿಟ್ಸ್ ಬಂದರೆ ಮನೆಯಲ್ಲಿ ಯಾರು ಏನು ಮಾಡಲು ಸಾಧ್ಯ ಹೇಳಿ?

ಗರ್ಭ ಬೇಡವಾದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ ಅಪ್ರಾಪ್ತೆಯರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ, ಪೋಷಕರ ಲಿಖಿತ ಒಪ್ಪಿಗೆ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಮಕ್ಕಳ ಸಹಾಯವಾಣಿ 1098, ಉಚಿತ, ರಾತ್ರಿಯೂ ಫೋನ್ ಎತ್ತುತ್ತಾರೆ. ನೋವು ಶುರುವಾಗಿದ್ದರೆ 108.