ಸತ್ಯಾಂಶ: ಹೊಡೆದಾಡುವ ಹುಡುಗರು ಬದಲಾಗೋದೇ ಇಲ್ವಾ?

‘ಹೊಡೆದಾಡುವ ಹುಡುಗರು ಹುಟ್ಟುಗುಣ ಬಿಡಲ್ಲ. ಜೈಲು ತೋರಿಸಿ ಹೆದರಿಸಿದರೆ ಸಾಕು, ಅವರನ್ನು ತಿದ್ದೋದು ಹೇಗೆ ಅನ್ನೋ ಸಂಶೋಧನೆಗೆ ಸುಮ್ನೆ ದುಡ್ಡು ಯಾಕೆ?’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಅಮೆರಿಕದ ಶಿಕಾಗೋದಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಅನ್ನೋ ಕಾರ್ಯಕ್ರಮವಿದೆ. ಶಾಲೆಯಲ್ಲೇ ಹುಡುಗರನ್ನು ಗುಂಪಾಗಿ ಕೂರಿಸಿ ಒಂದು ಆಟ ಆಡಿಸುತ್ತಾರೆ. ಒಬ್ಬನ ಮುಷ್ಟಿಯಲ್ಲಿ ಚೆಂಡು. ಅದನ್ನು ತೆಗೆಯಲು ಜೊತೆಗಾರನಿಗೆ 30 ಸೆಕೆಂಡ್. ಹೆಚ್ಚಿನವರು ಎಳೆದಾಡುತ್ತಾರೆ, ಬೆರಳು ಬಿಡಿಸಲು ಗುದ್ದಾಡುತ್ತಾರೆ. ಆಮೇಲೆ ಮಾರ್ಗದರ್ಶಕರು ಕೇಳುತ್ತಾರೆ: ‘ಕೊಡ್ತೀಯಾ ಅಂತ ಯಾರೂ ಯಾಕೆ ಕೇಳಲಿಲ್ಲ?’

ಎದುರಿನವನು ಕೊಡಲ್ಲ ಅಂತ ನಾವೇ ಊಹಿಸಿಕೊಂಡು ಹೊಡೆಯಲು ಕೈ ಎತ್ತುತ್ತೇವೆ, ಅಲ್ವಾ? ಆ ಒಂದು ಕ್ಷಣ ತಡೆದು ಯೋಚಿಸುವುದನ್ನೇ ಇಲ್ಲಿ ಕಲಿಸುವುದು. ಸಂಶೋಧಕರು ಲಾಟರಿ ಎತ್ತಿ ಹುಡುಗರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕಾರ್ಯಕ್ರಮಕ್ಕೆ ಅವಕಾಶ ಕೊಟ್ಟು, ಹೋಲಿಸಿ ನೋಡಿದರು. ಕಾರ್ಯಕ್ರಮ ನಡೆಯುವಾಗ ಅದಕ್ಕೆ ಸೇರಿದ ಹುಡುಗರಲ್ಲಿ ಹಿಂಸೆಯ ಕೇಸುಗಳಲ್ಲಿ ಬಂಧನ ಶೇ. 45ರಿಂದ 50ರಷ್ಟು ಇಳಿದಿತ್ತು. ಮುಗಿದ ಮೇಲೆ ಆ ಇಳಿಕೆ ಅಷ್ಟಾಗಿ ಉಳಿಯಲಿಲ್ಲ ಅನ್ನೋದೂ ನಿಜ. ಅದನ್ನು ಉಳಿಸುವುದು ಹೇಗೆ ಅಂತ ಹುಡುಕಲು ದುಡ್ಡು ಬೇಕೇ ಬೇಕು.

ಇನ್ನು ಜೈಲು ತೋರಿಸಿ ಹೆದರಿಸುವ ವಿಷಯ. ಅದನ್ನೂ ಅಮೆರಿಕದಲ್ಲಿ ಹೀಗೇ ಪರೀಕ್ಷಿಸಿದ್ದಾರೆ. ಒಟ್ಟಾರೆ ನೋಡಿದರೆ, ಜೈಲು ನೋಡದವರಿಗಿಂತ ನೋಡಿ ಬಂದ ಹುಡುಗರೇ ಆಮೇಲೆ ಜಾಸ್ತಿ ಅಪರಾಧ ಮಾಡಿದ್ದರು.