ಸತ್ತರೆ ಹದಿನೆಂಟು ಲಕ್ಷ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರೆ. ಪಾಪ, ಈ ಗಾದೆ ಕಟ್ಟಿದವರು ಫೆರಾರಿ ನೋಡಿರಲಿಲ್ಲ.

2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದು ಕಾರು ಹರಾಜಿಗೆ ಬಂತು. ಕಾರು ಅಂತ ಹೇಳಿದ್ದು ಹರಾಜಿನವರು. ಕಣ್ಣಿಗೆ ಕಂಡಿದ್ದು ಯಾರೋ ಹಿಂಡಿ ಬಿಸಾಕಿದ ತಗಡು. 1954ರ ಫೆರಾರಿ 500 ಮೊಂಡಿಯಲ್ ಅದು. ಒಂದು ಕಾಲಕ್ಕೆ ಇಟಲಿಯ ಮಿಲ್ಲೆ ಮಿಲಿಯಾ ರೇಸಿನಲ್ಲಿ ಓಡಿತ್ತು. 1960ರ ದಶಕದಲ್ಲಿ ಗುದ್ದಿಕೊಂಡು, ಬೆಂಕಿ ಹತ್ತಿ ಸುಟ್ಟುಹೋಯಿತು. ಆಮೇಲೆ ಅದಕ್ಕೆ ಯಾರೂ ಒಂದು ಸುತ್ತಿಗೆ ಏಟೂ ಹಾಕಲಿಲ್ಲ. ಮುಂಭಾಗ ಯಾವುದು, ಹಿಂಭಾಗ ಯಾವುದು ಅಂತ ತಿಳಿಯಲು ಸುತ್ತು ಹಾಕಿ ನೋಡಬೇಕು. ಗುಜರಿಯವನು ತೂಕಕ್ಕೆ ಹಾಕುವಾಗಲೂ ಮುಖ ಸಿಂಡರಿಸುವಂಥ ಮಾಲು. ಹೋದ ಬೆಲೆ 18.75 ಲಕ್ಷ ಡಾಲರ್.

ಸುಟ್ಟ ತಗಡಿಗೆ ಅಷ್ಟು ಕೊಡುತ್ತಾರಾ ಅಂತ ಬೆರಗಾಗಬೇಡಿ. ತಗಡಿಗಲ್ಲ, ಕೊಟ್ಟಿದ್ದು ನಂಬರಿಗೆ. ಚಾಸಿ, ಅಂದರೆ ಕಾರಿನ ಚೌಕಟ್ಟಿನ ನಂಬರ್ 0406 ಎಂಡಿ. ಹಳೆ ಕಾರುಗಳ ಈ ಲೋಕದಲ್ಲಿ ಕಾರು ಅಂದರೆ ಒಂದು ಜಾತಕ. ಯಾವ ಇಸವಿಯಲ್ಲಿ ಹುಟ್ಟಿತು, ಯಾರ ಮನೆ ಸೇರಿತು, ಯಾವ ರೇಸಿನಲ್ಲಿ ಯಾರ ಕೈಯಲ್ಲಿ ಓಡಿತು, ಎಲ್ಲಿ ಮೂಗು ಜಜ್ಜಿಕೊಂಡಿತು, ಎಲ್ಲವೂ ಒಂದು ದಪ್ಪ ಫೈಲಿನಲ್ಲಿರಬೇಕು. ಎಂಜಿನ್ನಿನ ನಂಬರಿಗೂ ಚಾಸಿ ನಂಬರಿಗೂ ಕೂಡಿ ಬರಬೇಕು. ಇದಕ್ಕೆ ‘ಮ್ಯಾಚಿಂಗ್ ನಂಬರ್ಸ್’ ಅಂತಾರೆ. ಗಣಕೂಟ ಬಂತೋ, ಬೆಲೆ ಏರಿತು. ಬರಲಿಲ್ಲವೋ, ಹುಡುಗಿ ಎಷ್ಟೇ ಚೆನ್ನಾಗಿರಲಿ, ಬಂದವರು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಾರೆ.

ಜಾತಕ ಇದ್ದರೆ ಸಾಕು, ಮೈ ಬದಲಾದರೂ ನಡೆಯುತ್ತದೆ ಅಂತ ಕೋರ್ಟೇ ಹೇಳಿದೆ. 1929ರಲ್ಲೂ 1930ರಲ್ಲೂ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಬೆಂಟ್ಲಿ ಕಾರಿಗೆ ‘ಓಲ್ಡ್ ನಂಬರ್ ಒನ್’ ಅಂತ ಹೆಸರು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು ಆಮೇಲೆ ಹಿಂದೆ ಸರಿದರು. ಇದರಲ್ಲಿ ಹಳೆಯದು ಅಂತ ಉಳಿದಿರುವುದೇನು, ಬಹುಪಾಲು ಬದಲಾಗಿದೆಯಲ್ಲ ಅನ್ನುವುದು ಅವರ ತಕರಾರು. 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ವಾದ ನಡೆಯಿತು. ಭಾಗಗಳು ಬದಲಾಗಿರಬಹುದು, ಆದರೆ ಕಾರು ಅದೇ, ದುಡ್ಡು ಕಟ್ಟಿ ಅಂತ ತೀರ್ಪು ಬಂತು. ಆತ್ಮಕ್ಕೆ ಸಾವಿಲ್ಲ, ದೇಹ ಬಟ್ಟೆಯ ಹಾಗೆ ಅಂತ ಕೇಳಿದ್ದೆವು. ಬಾನೆಟ್ಟಿನ ಕೆಳಗೂ ಆತ್ಮ ಇರುತ್ತದೆ ಅಂತ ಗೊತ್ತಿರಲಿಲ್ಲ.

ಅತಿ ಹೆಚ್ಚು ಬೆಲೆಗೆ ಹೋದ ರೇಸ್ ಕಾರು ಎಷ್ಟು ರೇಸ್ ಗೆದ್ದಿರಬೇಕು ಹೇಳಿ ನೋಡೋಣ. ಒಂದೂ ಇಲ್ಲ. ರೇಸಿನಲ್ಲಿ ಓಡಿದ್ದು? ಅದೂ ಇಲ್ಲ. 2022ರ ಮೇ 5ರಂದು ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಮ್ಯೂಸಿಯಂನಲ್ಲಿ, ಕರೆ ಬಂದವರಿಗೆ ಮಾತ್ರ ಪ್ರವೇಶವಿದ್ದ ಹರಾಜಿನಲ್ಲಿ, 13.5 ಕೋಟಿ ಯೂರೊಗೆ ಹೋದ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ ಅದು. ಇಂಥ ಎರಡು ಕಾರು ಮಾಡಿದ್ದರು. ರೇಸಿಗೆ ಇಳಿಸುವಷ್ಟರಲ್ಲಿ 1955ರ ಲ ಮಾನ್ ದುರಂತವಾಯಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಕಂಪನಿ ರೇಸಿನಿಂದಲೇ ಹೊರಬಂತು. ಆಮೇಲೆ ಕಂಪನಿಯ ಎಂಜಿನಿಯರ್ ಉಲೆನ್‌ಹೌಟ್ ಎರಡರಲ್ಲಿ ಒಂದನ್ನು ಓಡಾಟಕ್ಕೆ ಇಟ್ಟುಕೊಂಡರು. ಸದ್ದು ತಡೆಯಲಾರದೆ ಪಕ್ಕಕ್ಕೆ ಸೂಟ್‌ಕೇಸ್ ಗಾತ್ರದ ಸೈಲೆನ್ಸರ್ ಕಟ್ಟಿದರು. ಅಂದರೆ ಇದು ಗಂಟೆಗೆ 290 ಕಿಲೋಮೀಟರ್ ಹೋಗಬಲ್ಲ ಆಫೀಸ್ ಗಾಡಿ. ಬಂದ ದುಡ್ಡನ್ನು ವಿದ್ಯಾರ್ಥಿವೇತನದ ನಿಧಿಗೆ ಹಾಕಿದರು. ಅದಕ್ಕೆ ನನ್ನದೇನೂ ತಕರಾರಿಲ್ಲ.

1939ರ ಪೋರ್ಷೆ ಟೈಪ್ 64 ಕೂಡ ಇದೇ ಕುಲದ್ದು. ಬರ್ಲಿನ್ನಿನಿಂದ ರೋಮಿಗೆ ನಡೆಯಬೇಕಿದ್ದ ರೇಸಿಗೆ ಕಟ್ಟಿದ್ದು. ಯುದ್ಧ ಬಂದು ರೇಸೇ ನಡೆಯಲಿಲ್ಲ. 2019ರಲ್ಲಿ ಇದೂ ಮಾಂಟೆರೆಗೆ ಬಂತು. ಹರಾಜು ಕೂಗುವವರು ‘ಥರ್ಟೀನ್ ಮಿಲಿಯನ್’ ಅಂದರು. ಪರದೆಯ ಮೇಲೆ ಬೆಲೆ ಹಾಕಲು ಕೂತವನಿಗೆ ‘ಥರ್ಟಿ’ ಕೇಳಿಸಿತು. ಹದಿನಾಲ್ಕಕ್ಕೆ ನಲವತ್ತು, ಹದಿನೈದಕ್ಕೆ ಐವತ್ತು. ಜನ ಎದ್ದು ನಿಂತರು, ಫೋನುಗಳು ಮೇಲೆದ್ದವು, ಚಪ್ಪಾಳೆ, ಕೇಕೆ. ಪರದೆಯಲ್ಲಿ ಎಪ್ಪತ್ತು ಬಂದ ಮೇಲೆ ಕೂಗುವವರು ತಿರುಗಿ ನೋಡಿ, ನಾನು ಹೇಳಿದ್ದು ಹದಿನೇಳು ಅಂದರು. ಅರೆಗಳಿಗೆಯಲ್ಲಿ ಐದು ಕೋಟಿ ಮೂವತ್ತು ಲಕ್ಷ ಡಾಲರ್ ಆವಿಯಾಯಿತು. ಸಭೆ ಹೋ ಎಂದು ಕೂಗಾಡಿತು. ಕಾರು ಮಾರಾಟವೇ ಆಗಲಿಲ್ಲ. ಹರಾಜು ಕನ್ನಡದಲ್ಲಿ ನಡೆದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಹದಿನೇಳನ್ನು ಎಪ್ಪತ್ತು ಅಂತ ಕೇಳಿಸಿಕೊಳ್ಳಲು ನಮ್ಮಲ್ಲಿ ಕಿವಿ ಮಾತ್ರ ಕೆಟ್ಟರೆ ಸಾಲದು. ಆದರೆ ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಎಪ್ಪತ್ತು ಅಂದಾಗ ಅಲ್ಲಿದ್ದ ಅಷ್ಟೂ ತಿಳಿದವರಲ್ಲಿ ಜಾಸ್ತಿ ಜನರಿಗೆ ಇದು ಜಾಸ್ತಿಯಾಯಿತು ಅಂತ ಅನ್ನಿಸಲೇ ಇಲ್ಲವಲ್ಲ!

ಇನ್ನು ಹಳೆ ಕಾರುಗಳ ಇಡೀ ಕುಲಕ್ಕೆ ಯಜಮಾನ, ಫೆರಾರಿ 250 ಜಿಟಿಒ. 1962ರಿಂದ 1964ರವರೆಗೆ ಮಾಡಿದ್ದು 36. ಆಗ ಕೊಳ್ಳಬೇಕಾದರೆ ಕಂಪನಿ ಕಟ್ಟಿದ ಎಂಜೊ ಫೆರಾರಿಯ ಒಪ್ಪಿಗೆ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಕೇಳುವವರಿಲ್ಲ. ಒಂದು ಜಿಟಿಒವನ್ನು ಟೆಕ್ಸಸ್‌ನ ಹೈಸ್ಕೂಲೊಂದಕ್ಕೆ ಸುಮ್ನೆ ಕೊಟ್ಟುಬಿಟ್ಟರು, ಮಕ್ಕಳು ರಿಪೇರಿ ಕಲಿಯಲಿ ಅಂತ. ಶಾಲೆ 1972ರಲ್ಲಿ ಅದನ್ನು 6,500 ಡಾಲರಿಗೆ ಮಾರಿತು. ಕೊಂಡವರು ಓಹಿಯೊದ ಬಯಲಿನಲ್ಲಿ ಟ್ರೈಲರ್ ಮೇಲೆ ಬಿಟ್ಟರು. ಮಳೆ, ಹಿಮ, ಬಿಸಿಲು ಎಲ್ಲ ತಿಂದುಕೊಂಡು ವರ್ಷಗಟ್ಟಲೆ ಅಲ್ಲೇ ಬಿದ್ದಿತ್ತು.

2018ರಲ್ಲಿ ಇನ್ನೊಂದು ಜಿಟಿಒ 4.84 ಕೋಟಿ ಡಾಲರಿಗೆ ಹೋಯಿತು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮತ್ತೊಂದು 5.17 ಕೋಟಿಗೆ. ಇದರಲ್ಲಿ 47 ಲಕ್ಷ ಹರಾಜು ಮನೆಯ ಶುಲ್ಕ. ಮರದ ಸುತ್ತಿಗೆಯನ್ನು ಒಂದು ಸಲ ಮೇಜಿಗೆ ಕುಟ್ಟಿದ ಕೂಲಿ ಅನ್ನಿ. ಆರು ಕೋಟಿ ದಾಟುತ್ತದೆ ಅಂದುಕೊಂಡಿದ್ದರು, ದಾಟಲಿಲ್ಲ. ಹಾಗಾಗಿ ಮಾರುಕಟ್ಟೆ ಮಂಕಾಗಿದೆಯೇನೋ ಅಂತ ಆತಂಕ ಶುರುವಾಯಿತು. ಐದು ಕೋಟಿ ಡಾಲರಿಗೆ ಹೋದ ಕಾರಿನ ಬಗ್ಗೆ ಮರುಕ ಪಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಅಲ್ವಾ?

ಕೆಲವರು ಇವನ್ನು ನಿಜವಾಗಿಯೂ ಓಡಿಸುತ್ತಾರೆ, ಸುಳ್ಳು ಹೇಳಬಾರದು. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬಾಗಿಲಿಗೆ ಬಾಗಿಲು ತಾಗುವ ಹಾಗೆ ರೇಸಾಡಿ, ಜಜ್ಜಿಸಿಕೊಂಡು ನಗುತ್ತಾ ಇಳಿಯುವವರಿದ್ದಾರೆ. ಅವರಿಗೆ ಕೈ ಮುಗಿಯಬೇಕು. ಉಳಿದವು ತಂಪು ಕೋಣೆಯಲ್ಲಿ ಮುಸುಕು ಹೊದ್ದು ಮಲಗಿರುತ್ತವೆ. ವರ್ಷಕ್ಕೊಮ್ಮೆ ಮುಚ್ಚಿದ ಟ್ರೈಲರಿನಲ್ಲಿ ಬಂದು ಪ್ರದರ್ಶನಕ್ಕೆ ಹುಲ್ಲುಹಾಸಿನ ಮೇಲೆ ಇಳಿಯುತ್ತವೆ, ಸಂಜೆ ಮತ್ತೆ ಟ್ರೈಲರ್ ಹತ್ತುತ್ತವೆ.

ಜಿಟಿಒ ಒಳಗೆ ಇಣುಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ದೊಡ್ಡ ಮೀಟರ್ ಕಾಣುತ್ತದೆ. ಸ್ಪೀಡೋಮೀಟರ್ ಇಲ್ಲ. ರೇಸಿನಲ್ಲಿ ಅದರ ಅಗತ್ಯ ಇಲ್ಲ ಅಂತ ಇಟ್ಟಿರಲಿಲ್ಲ. ಈಗಿನ ಯಜಮಾನರಿಗೂ ಅದರ ಕೊರತೆ ಕಾಣಲಿಕ್ಕಿಲ್ಲ. ಟ್ರೈಲರ್ ಎಳೆಯುವ ಗಾಡಿಯಲ್ಲಿ ಒಂದು ಇದ್ದೇ ಇರುತ್ತದೆ.